ಬಿಟ್ಟುಕೊಟ್ಟ ಗೆಲುವು

ಮುಂದೆ ಓಡಿದವನು ಗೆಲ್ಲುತ್ತಾನೆ ಎಂಬುದು ಓಟದ ಪಂದ್ಯಗಳಿಗೆಲ್ಲ ಸಲ್ಲುವ ಹಳೆಯ ನಿಯಮ. 2002ರ ಮೇ 12ರಂದು ಆಸ್ಟ್ರಿಯ ದೇಶದಲ್ಲಿ ನಡೆದ ಫಾರ್ಮುಲಾ ಒನ್ ಕಾರು ಪಂದ್ಯದಲ್ಲಿ ಈ ನಿಯಮ ತಲೆಕೆಳಗಾಯಿತು. ಬ್ರೆಜಿಲ್ ದೇಶದ ರೂಬೆನ್ಸ್ ಬ್ಯಾರಿಕೆಲೊ ಅಂದು ಪಂದ್ಯದ ಬಹುಭಾಗ ಎಲ್ಲರಿಗಿಂತ ಮುಂದಿದ್ದನು. ಅವನ ಬೆನ್ನಿಗೇ ಬರುತ್ತಿದ್ದವನು ಜರ್ಮನಿಯ ಮೈಕೆಲ್ ಶೂಮಾಕರ್. ಇಬ್ಬರೂ ಇಟಲಿಯ ಫೆರಾರಿ ತಂಡದವರು. ಕಡೆಯ ಸುತ್ತಿನಲ್ಲಿ, ಗುರಿಯ ಗೆರೆ ಕಣ್ಣೆದುರಿಗೇ ಇದ್ದಾಗ, ಬ್ಯಾರಿಕೆಲೊ ವೇಗವನ್ನು ತಗ್ಗಿಸಿದನು. ಶೂಮಾಕರ್ ಮುನ್ನುಗ್ಗಿ ಗೆದ್ದನು. ದಾರಿ ಬಿಡಬೇಕೆಂದು ತಂಡದ ಮುಖ್ಯಸ್ಥರು ರೇಡಿಯೋ ಮೂಲಕ ಆಜ್ಞೆ ಮಾಡಿದ್ದರು.

ನೆರೆದಿದ್ದ ಜನ ಕೂಗಿ ಛೀಮಾರಿ ಹಾಕಿದರು. ಗೆದ್ದವನಿಗೂ ಮುಜುಗರವಾಗಿರಬೇಕು, ವಿಜಯವೇದಿಕೆಯ ಮೇಲಿನ ಮೆಟ್ಟಿಲಿಗೆ ಬ್ಯಾರಿಕೆಲೊನನ್ನೇ ಹತ್ತಿಸಿ, ಬಹುಮಾನದ ಬಟ್ಟಲನ್ನು ಅವನ ಕೈಗಿತ್ತನು. ಇದಕ್ಕಾಗಿ 10 ಲಕ್ಷ ಡಾಲರ್ ದಂಡ ಬಿದ್ದಿತು. ವಿಚಿತ್ರವೆಂದರೆ, ಈ ದಂಡ ಗೆಲುವನ್ನು ಕಸಿದದ್ದಕ್ಕಲ್ಲ, ವೇದಿಕೆಯ ವಿಧಿಯನ್ನು ಮುರಿದದ್ದಕ್ಕೆ!

ತಂಡಕ್ಕೆ ಈ ಹಟವೇಕೆ? ಉತ್ತರ ಹಣದಲ್ಲಿದೆ. ಒಂದು ಕಾಲದಲ್ಲಿ ಈ ಕಾರುಗಳು ತಮ್ಮ ತಮ್ಮ ದೇಶದ ಬಣ್ಣಗಳನ್ನು ಧರಿಸುತ್ತಿದ್ದವು: ಇಟಲಿಯದು ಕೆಂಪು, ಇಂಗ್ಲೆಂಡಿನದು ಹಸಿರು, ಫ್ರಾನ್ಸಿನದು ನೀಲಿ. 1968ರಲ್ಲಿ ಲೋಟಸ್ ತಂಡವು ಸಿಗರೇಟಿನ ಕಂಪನಿಯೊಂದರ ಬಣ್ಣವನ್ನು ಬಳಿದುಕೊಂಡಿತು. ಕ್ರಮೇಣ ಕಾರುಗಳು ಓಡುವ ಜಾಹೀರಾತು ಫಲಕಗಳೇ ಆದವು. ಖರ್ಚು ಮೇರೆ ಮೀರಿದ್ದರಿಂದ 2021ರಲ್ಲಿ ಒಂದು ತಂಡದ ವಾರ್ಷಿಕ ವೆಚ್ಚಕ್ಕೆ 14.5 ಕೋಟಿ ಡಾಲರುಗಳ ಮಿತಿ ಹಾಕಬೇಕಾಯಿತು. ಚಾಲಕರ ಸಂಬಳ ಈ ಲೆಕ್ಕದಿಂದ ಹೊರಗೆ!

ಇಷ್ಟು ಹಣ ಸುರಿದವರಿಗೆ ಬೇಕಾದದ್ದು ವರ್ಷದ ಕೊನೆಯ ಪಟ್ಟ. ಆಗ ಮೊದಲ ಸ್ಥಾನಕ್ಕೆ 10 ಅಂಕ, ಎರಡನೆಯದಕ್ಕೆ 6. ಫೆರಾರಿ ತಂಡಕ್ಕೆ ಹೇಗಿದ್ದರೂ 16 ಅಂಕ ದೊರೆಯುತ್ತಿತ್ತು. ಆದರೆ ಪಟ್ಟದ ದಾರಿಯಲ್ಲಿದ್ದ ಶೂಮಾಕರನಿಗೆ ನಾಲ್ಕು ಅಂಕ ಹೆಚ್ಚಿಗೆ ಸಿಗಲೆಂಬುದು ಅವರ ಲೆಕ್ಕಾಚಾರ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಕಾರು ಚಾಲಕನ ಸ್ವಂತದ್ದಲ್ಲ. ಅದರ ಹಿಂದೆ ನೂರಾರು ಜನರ ದುಡಿಮೆಯಿದೆ. ಆದರೂ ಆ ವರ್ಷ ಮುಗಿದಾಗ ಶೂಮಾಕರನಿಗೆ 144 ಅಂಕಗಳಿದ್ದವು, ಎರಡನೆಯವನಾದ ಬ್ಯಾರಿಕೆಲೊನಿಗೆ 77. ಆ ನಾಲ್ಕು ಅಂಕಗಳು ಯಾರಿಗೂ ಬೇಕಾಗಿರಲಿಲ್ಲ.

ಪಂದ್ಯದ ಫಲಿತಾಂಶವನ್ನು ಬದಲಿಸುವ ಇಂಥ ಆಜ್ಞೆಗಳನ್ನು 2003ರಿಂದ ನಿಷೇಧಿಸಿದರು. ಆಜ್ಞೆ ನಿಲ್ಲಲಿಲ್ಲ, ಮಾತು ಮಾತ್ರ ನಯವಾಯಿತು. 2010ರಲ್ಲಿ ಜರ್ಮನಿಯ ಪಂದ್ಯದಲ್ಲಿ ಮುಂದಿದ್ದ ಫೆಲಿಪೆ ಮಾಸ್ಸನಿಗೆ, ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ ಎಂದಷ್ಟೇ ರೇಡಿಯೋದಲ್ಲಿ ತಿಳಿಸಲಾಯಿತು. ಅವನು ಅರ್ಥ ಮಾಡಿಕೊಂಡು ದಾರಿ ಬಿಟ್ಟನು. 2011ರಲ್ಲಿ ಆ ನಿಷೇಧವನ್ನೇ ತೆಗೆದುಹಾಕಿದರು.

ಇದೇ ಫೆರಾರಿ ತಂಡದ ಹಳೆಯ ಘಟನೆಯೊಂದು ನನಗೆ ಹೆಚ್ಚು ಪ್ರಿಯ. 1956ರಲ್ಲಿ ಇಟಲಿಯ ಮೊಂಜಾದಲ್ಲಿ ವರ್ಷದ ಕೊನೆಯ ಪಂದ್ಯ. ಪಟ್ಟಕ್ಕೆ ಅತಿ ಸಮೀಪದಲ್ಲಿದ್ದ ಅರ್ಜೆಂಟೀನಾದ ಹ್ವಾನ್ ಮ್ಯಾನುಯೆಲ್ ಫಾಂಜಿಯೊನ ಕಾರು ಕೆಟ್ಟು ನಿಂತಿತು. ಒಬ್ಬನ ಕಾರನ್ನು ಮತ್ತೊಬ್ಬನು ಮುಂದುವರಿಸಲು ಅಂದಿನ ನಿಯಮದಲ್ಲಿ ಅವಕಾಶವಿತ್ತು. ತಂಡದ ಲುಯಿಜಿ ಮುಸ್ಸೊ ತನ್ನ ಕಾರನ್ನು ಕೊಡಲೊಪ್ಪಲಿಲ್ಲ. ತಾಯ್ನಾಡಿನ ಪಂದ್ಯದಲ್ಲಿ ಗೆಲ್ಲುವ ಆಸೆ ಯಾರಿಗಿಲ್ಲ? ಆಗ ಟೈರುಗಳ ಪರೀಕ್ಷೆಗೆಂದು ಬಂದು ನಿಂತ ಇಂಗ್ಲೆಂಡಿನ ಪೀಟರ್ ಕಾಲಿನ್ಸ್ ತಾನಾಗಿಯೇ ಇಳಿದು, ತನ್ನ ಕಾರನ್ನು ಫಾಂಜಿಯೊನಿಗೆ ಒಪ್ಪಿಸಿದನು. ಕಾಲಿನ್ಸನಿಗೂ ಪಟ್ಟದ ಆಸೆ ಆಗ ಇನ್ನೂ ಉಳಿದಿತ್ತು. ಅವನಿಗೆ 24 ವರ್ಷ, ಫಾಂಜಿಯೊನಿಗೆ 45. ಆ ಕಾರಿನಲ್ಲಿ ಎರಡನೆಯವನಾಗಿ ಗುರಿ ಮುಟ್ಟಿ ಫಾಂಜಿಯೊ ತನ್ನ ನಾಲ್ಕನೆಯ ಪಟ್ಟವನ್ನು ಪಡೆದನು.

ಎರಡು ವರ್ಷಗಳ ಬಳಿಕ, 1958ರಲ್ಲಿ, ಜರ್ಮನಿಯ ಪಂದ್ಯದಲ್ಲಿ ಅಪಘಾತಕ್ಕೀಡಾಗಿ ಕಾಲಿನ್ಸ್ ತೀರಿಕೊಂಡನು. ಪಟ್ಟ ಅವನ ಪಾಲಿಗೆ ಬರಲೇ ಇಲ್ಲ.