ರಾತ್ರಿ ಮೂರರ ಭಸ್ಮಾಸುರ

ಚಡಚಣ ದಾಟಿದ ಮೇಲೆ ಬೋರ್ಡುಗಳು ಮರಾಠಿಗೆ ತಿರುಗುತ್ತವೆ. ಕ್ರೂಸರಿನೊಳಗಿನ ಮಾತು ತಿರುಗುವುದಿಲ್ಲ. ಡೊಳ್ಳುಗಳನ್ನು ಕಂಬಳಿ ಸುತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದ್ದಾರೆ. ಅವಕ್ಕೆ ಸಿಕ್ಕಷ್ಟು ಜಾಗ ಮನುಷ್ಯರಿಗೆ ಸಿಕ್ಕಿಲ್ಲ. ಡ್ರೈವರ್ ಪಕ್ಕದಲ್ಲಿ ಮೇಳದ ಹಾಡುಗಾರ ಕಾಕಾ, ಕುತ್ತಿಗೆಗೆ ಮಫ್ಲರ್ ಸುತ್ತಿ, ಕಿಟಕಿಯ ಗಾಜು ಏರಿಸಿಕೊಂಡು ಕೂತಿದ್ದಾರೆ. ದೀಪಾವಳಿ ಅಮಾವಾಸ್ಯೆಯ ಮಧ್ಯಾಹ್ನ, ಒಳಗೆ ಸೆಕೆಯೋ ಸೆಕೆ. ಗಾಜು ಇಳಿಸಿ ಎಂದು ಯಾರೂ ಬಾಯಿ ಬಿಡುವುದಿಲ್ಲ. ರಾತ್ರಿಯೆಲ್ಲ ಹಾಡಬೇಕಾದ ಗಂಟಲಿಗೆ ಗಾಳಿ ತಾಗಬಾರದು, ಅದು ಈ ಗಾಡಿಯ ಕಾನೂನು.

ನನ್ನ ಮಗ್ಗುಲಲ್ಲಿ ಮೇಳದ ಎಲ್ಲರಿಗಿಂತ ಕಿರಿಯ ಹುಡುಗ. ತಾಳ ಹಿಡಿಯುತ್ತಿದ್ದವನಿಗೆ ಈ ವರ್ಷದಿಂದ ಡೊಳ್ಳು ಸಿಕ್ಕಿದೆ. ಅವನ ಮೊಬೈಲಿನಲ್ಲಿ ‘ರೋಬೋಟ್’ ಓಡುತ್ತಿದೆ, 2010ರ ‘ಎಂದಿರನ್’ನ ಹಿಂದಿ ಡಬ್ಬಿಂಗ್. ರಜನಿಕಾಂತನೇ ವಿಜ್ಞಾನಿ ವಸೀಗರನ್, ರಜನಿಕಾಂತನೇ ಅವನು ಮಾಡಿದ ಯಂತ್ರ ಚಿಟ್ಟಿ, ಸಿನಿಮಾ ಮುಗಿಯುವ ಹೊತ್ತಿಗೆ ರಜನಿಕಾಂತನೇ ಖಳ. ನೂರಾರು ಚಿಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಚೆಂಡಾಗಿ ಉರುಳುತ್ತಿವೆ, ಹಾವಾಗಿ ಹೆಡೆ ಎತ್ತುತ್ತಿವೆ. ಗುಂಡಿನ ಸದ್ದು ಮುಂದಿನ ಸೀಟಿಗೂ ಮುಟ್ಟುತ್ತದೆ.

“ಯಾರನ್ನ ಹೊಡ್ಯಾಕತ್ತಾನೋ ತಮ್ಮಾ ಅಂವ?” ಕಾಕಾ ಹಿಂತಿರುಗದೆ ಕೇಳುತ್ತಾರೆ.

“ಎಲ್ಲಾರನ್ನೂ ಹೊಡ್ಯಾಕತ್ತಾನ್ರಿ ಕಾಕಾ. ತನ್ನ ಮಾಡಿದಾವನ್ನೂ ಬಿಡವಲ್ಲ.”

“ಹಂಗಾರ ನಮ್ಮ ಭಸ್ಮಾಸುರನ ಅಂವ. ಇವತ್ತ ನಡುರಾತ್ರಿ ಮ್ಯಾಲ ಅದನ್ನ ತಗೊಳೂಣು.”

ಅಷ್ಟಕ್ಕೇ ರಾತ್ರಿಯ ಕಾರ್ಯಕ್ರಮ ಗೊತ್ತಾಗಿಬಿಡುತ್ತದೆ.

ರಸ್ತೆಯ ಎರಡೂ ಬದಿಗೆ ಕರಿಮಣ್ಣು, ಅದರಲ್ಲಿ ಎಳೆಯ ಹಿಂಗಾರಿ ಜೋಳ. ಇದು ಮಂಗಳವೇಢೆ ತಾಲೂಕು. ಇಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದಕ್ಕೂ ಎಷ್ಟೋ ಮೊದಲು, 12ನೇ ಶತಮಾನದಲ್ಲಿ, ಮಂಗಳವಾಡವೆಂಬ ಹೆಸರಿನಲ್ಲಿ ಕಲಚುರಿ ಬಿಜ್ಜಳ ಇಲ್ಲಿಂದಲೇ ಆಳಿದ್ದ. ನಾವು ಹೊರಟ ಹುಲಜಂತಿಗೆ ಇನ್ನೂ ದಾರಿ ಇರುವಾಗಲೇ ಟ್ರ್ಯಾಕ್ಟರುಗಳು, ಟೆಂಪೋಗಳು, ಹೆಗಲಿಗೆ ಕಂಬಳಿ ಹಾಕಿಕೊಂಡು ನಡೆದು ಬರುವವರ ಸಾಲು ಶುರುವಾಗುತ್ತದೆ. ಕುರುಬರ ದೈವಗಳಲ್ಲಿ ಬೀರಪ್ಪ ಗುರು, ಮಾಳಿಂಗರಾಯ ಶಿಷ್ಯ. ಆ ಶಿಷ್ಯನ ಊರು ಇದು. ಹಾಲುಮತದ ಮನೆಮನೆಯವರು ದೀಪಾವಳಿಗೆ ತಮ್ಮ ಮನೆ ಬಿಟ್ಟು ಇಲ್ಲಿಗೆ ಬರುತ್ತಾರೆ.

ಗಾಡಿ ನಿಂತದ್ದೇ ತಡ, ಮೊದಲು ಇಳಿಯುವುದು ಡೊಳ್ಳು. ಅವಕ್ಕೆ ನೆರಳು ಹುಡುಕಿದ ಮೇಲೆ ಉಳಿದವರಿಗೆ ಜಾಗ. ಒಂದು ಶಾಲೆಯ ಜಗಲಿ ಸಿಗುತ್ತದೆ. ಹುಡುಗ ಮಾಡುವ ಮೊದಲ ಕೆಲಸ ಚಾರ್ಜಿಂಗ್ ಪಾಯಿಂಟ್ ಹುಡುಕುವುದು. ಗಂಟು ಬಿಚ್ಚಿದರೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಕಾಕಾ ಹಿಂಡಿಯ ಖಾರ ಮುಟ್ಟುವುದಿಲ್ಲ. ರೊಟ್ಟಿಯನ್ನು ಬಿಸಿ ಹಾಲಿನಲ್ಲಿ ನೆನೆಸಿ ತಿಂದು, ಒಂದು ತುಂಡು ಜ್ಯೇಷ್ಠಮಧು ದವಡೆಗೆ ಒತ್ತಿಕೊಂಡು ಮಲಗುತ್ತಾರೆ. ಡೊಳ್ಳಿನ ಮೇಳದ ತಿರುಗಾಟವೆಂದರೆ ಹೆಚ್ಚಿನಂಶ ಇದೇ: ಮೈ ಮುದುರಿ ಕೂರುವುದು, ಕಾಯುವುದು, ಸಿಕ್ಕಲ್ಲಿ ನಿದ್ದೆ ತೆಗೆಯುವುದು. ವೀಳ್ಯ ಕೊಟ್ಟ ಊರಿಗೆಲ್ಲ ಹೋಗಬೇಕು, ಹಾಡಬೇಕು, ಬೆಳಗಿನ ಚಹಾ ಕುಡಿದು ಮತ್ತೊಂದು ಊರಿನ ಹಾದಿ ಹಿಡಿಯಬೇಕು. ಕುರಿ, ಹೊಲ, ಮಕ್ಕಳ ಪರೀಕ್ಷೆ ಎಲ್ಲವೂ ಈ ನಡುವೆಯೇ ಫೋನಿನಲ್ಲಿ ನಡೆಯುತ್ತವೆ.

ಸಂಜೆ ಇಬ್ಬನಿ ಇಳಿಯುವ ಹೊತ್ತಿಗೆ ಡೊಳ್ಳಿನ ಆರೈಕೆ. ಚರ್ಮ ತಂಪು ಕುಡಿದರೆ ಸದ್ದು ಸತ್ತುಹೋಗುತ್ತದೆ. ಜಗಲಿಯ ಮುಂದೆ ಕಣಿಕೆಯ ಸಣ್ಣ ಬೆಂಕಿ ಹಾಕಿ, ಡೊಳ್ಳಿನ ಮುಖವನ್ನು ಕಾವಿಗೆ ಹಿಡಿದು ತಿರುಗಿಸುತ್ತಾರೆ. ಒಬ್ಬ ಮೊಣಕಾಲು ಊರಿ ಹಗ್ಗ ಜಗ್ಗುತ್ತಾನೆ, ಇನ್ನೊಬ್ಬ ಬೆರಳಿನ ಗಂಟಿನಿಂದ ತಟ್ಟಿ ಕಿವಿ ಇಡುತ್ತಾನೆ. ತಲೆಯಾಡಿಸುತ್ತಾನೆ. ಮತ್ತೆ ಜಗ್ಗು, ಮತ್ತೆ ತಟ್ಟು. ಹಗ್ಗ ಹಿಡಿದವನ ಅಂಗೈಯಲ್ಲಿ ಅಡ್ಡಗೆರೆಗಳು ಕೆಂಪಗೆ ಎದ್ದಿವೆ. ಕಡೆಗೊಮ್ಮೆ ಬಲಮುಖಕ್ಕೆ ಕೋಲು ಬೀಳುತ್ತದೆ, ಎಡಮುಖಕ್ಕೆ ಅಂಗೈ. ಸದ್ದು ಶಾಲೆಯ ಗೋಡೆಗೆ ಬಡಿದು ನಮ್ಮ ಎದೆಗೂಡಿನೊಳಗೇ ಬಂದು ಬೀಳುತ್ತದೆ. ಮಲಗಿದ್ದ ಕಾಕಾ ಕಣ್ಣು ಬಿಡದೆ “ಹಾಂ, ಆತು” ಎನ್ನುತ್ತಾರೆ.

ಗುಡಿಯ ಕಡೆ ಹೊರಟರೆ ಕಾಲಿಡಲು ಜಾಗವಿಲ್ಲ. ಎಲ್ಲರ ಹಣೆ, ಅಂಗಿ, ಚಪ್ಪಲಿ ಭಂಡಾರದ ಹಳದಿ. ಹುಡುಗನ ಮೊಬೈಲ್ ಗಾಜಿನ ಮೇಲೂ ಹಳದಿ ಧೂಳು, ಒರೆಸಿದಷ್ಟೂ ಹರಡುತ್ತದೆ. ಈ ಅಮಾವಾಸ್ಯೆಯ ನಡುರಾತ್ರಿ ಶಿವಪಾರ್ವತಿಯರೇ ಬಂದು ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾರೆಂದು ನಂಬಿಕೆ. ಅದಕ್ಕಾಗಿ ಜನ ಕತ್ತೆತ್ತಿ ನಿಂತಿದ್ದಾರೆ. ಕನ್ನಡದಲ್ಲಿ ಒಂದು ಜಯಕಾರ ಏಳುತ್ತದೆ, ಅದು ಮುಗಿಯುವ ಮೊದಲೇ ಮರಾಠಿಯಲ್ಲಿ ಇನ್ನೊಂದು. ಮುಂಡಾಸಿನ ಗದ್ದಲ ಇಳಿದ ಮೇಲೆ ಹಾಡಿನ ಜನ ಬಯಲಿಗೆ ಸರಿಯುತ್ತಾರೆ. ಕಂಬಳಿ ಹಾಸಿ, ಕಂಬಳಿ ಹೊದ್ದು, ಬೆಳಗಿನ ತನಕ ಏಳುವುದಿಲ್ಲವೆಂದು ಕೂರುತ್ತಾರೆ.

ಎದುರುಬದುರು ಎರಡು ಮೇಳ. ನಮ್ಮದು ಹರದೇಶಿ, ಶಿವನ ಪಕ್ಷ. ಎದುರಿನವರು ನಾಗೇಶಿ, ಶಕ್ತಿಯ ಪಕ್ಷ. ಒಬ್ಬರು ಕಥೆ ಎತ್ತಿ ಸವಾಲು ಹಾಕುತ್ತಾರೆ, ಇನ್ನೊಬ್ಬರು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ತಡವರಿಸಿದರೆ ಸೋಲು; ತೀರ್ಪು ಕೊಡುವವರು ಕಂಬಳಿ ಹೊದ್ದು ಕೂತವರೇ. ಮೊದಲು ಬೀರಪ್ಪನ ಹುಟ್ಟು, ಕೂಸನ್ನು ಕಾಡುಪಾಲು ಮಾಡಿದ ಸೋದರಮಾವನ ಕ್ರೌರ್ಯ. ಹಿಮ್ಮೇಳ ಸಾಲು ಎತ್ತಿಕೊಳ್ಳುತ್ತದೆ, ಡೊಳ್ಳುಗಳು ಸುತ್ತು ಹಾಕುತ್ತವೆ, ನೋಟು ಹಿಡಿದ ಕೈಗಳು ಮುಂದೆ ಬರುತ್ತವೆ, ಬಕ್ಷೀಸು ಕೊಟ್ಟವರ ಊರುಹೆಸರು ಮೈಕಿನಲ್ಲಿ ಮೊಳಗುತ್ತದೆ.

ಎರಡು ಗಂಟೆಯ ಸುಮಾರಿಗೆ ಎದುರಿನವರ ಪಾಳಿ. ನಮ್ಮವರಿಗೆ ಚಹಾ. ಕಾಕಾ ಬಿಸಿನೀರು ಗುಟುಕರಿಸುತ್ತಾ ಹುಡುಗನನ್ನು ಕೆಣಕುತ್ತಾರೆ: “ಏನಂದಿ ನಿನ್ನ ಮಶೀನ್ ರಾಕ್ಷಸ? ಅಂವ ದನಿ ಹೆಂಗ ತಗೀತಾನ?”

ಹುಡುಗ ಸಿನಿಮಾ ಖಳರ ಪಟ್ಟಿಯಲ್ಲಿ ಥಾನೋಸನಿಂದ ಶುರುಮಾಡಿ ಮೊಗ್ಯಾಂಬೋನ ತನಕ ಹೋಗಿ ಬರುತ್ತಾನೆ. ನಾನು ಡಾರ್ತ್ ವೇಡರನ ಕಥೆ ಹೇಳುತ್ತೇನೆ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಕರಿ ಮುಸುಕಿನೊಳಗೆ ನಡೆದಾಡಿದವನು ಡೇವಿಡ್ ಪ್ರೌಸ್, ಮಾತು ಜೇಮ್ಸ್ ಅರ್ಲ್ ಜೋನ್ಸನದು, ಆ ಭಯಂಕರ ಉಸಿರಾಟವನ್ನು ಬೆನ್ ಬರ್ಟ್ ಎಂಬ ಸದ್ದಿನ ಕಸುಬುದಾರ ನೀರೊಳಗೆ ಮುಳುಗುವವರ ಉಸಿರುಕೊಳವೆಯಿಂದ ಹಿಡಿದದ್ದು.

“ಒಬ್ಬ ಖಳನಾಯಕಗ ಮೂರ ಮಂದಿ ಏನು!” ಕಾಕಾ ನಗುತ್ತಾರೆ. “ಇಲ್ಲಿ ಶಿವಗೂ ಇದ ಗಂಟಲ, ರಾಕ್ಷಸಗೂ ಇದ ಗಂಟಲ.”

ಮತ್ತೊಬ್ಬ ಖಳನಿಗೆ ಮೈಯೇ ಇಲ್ಲ ಎನ್ನುತ್ತೇನೆ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ಯ ಹಾಲ್ 9000 ಬರೀ ಒಂದು ಕೆಂಪು ಕಣ್ಣು, ಒಂದು ದನಿ. ಡಗ್ಲಸ್ ರೇನ್ ಕೊಟ್ಟ ಆ ದನಿ ಒಮ್ಮೆಯೂ ಏರುವುದಿಲ್ಲ. ನೌಕೆಯ ಜನರನ್ನು ಕೊಲ್ಲುವಾಗಲೂ ಅದು ಬ್ಯಾಂಕಿನ ಗುಮಾಸ್ತನಷ್ಟು ನಯವಾಗಿ ಮಾತಾಡುತ್ತದೆ.

ಕಾಕಾ ಲೋಟ ಕೆಳಗಿಡುತ್ತಾರೆ. “ಅಂವ ಖರೇ ಕಲಾವಿದ ನೋಡು. ಚೀರಿದರ ಮಂದಿ ಮೊಬೈಲ್ ನೋಡ್ತಾರ. ಮೆತ್ತಗ ಹಾಡಿದರ ಕಿವಿ ತರ್ತಾರ.”

ಅದರ ಅರ್ಥ ಮೂರು ಗಂಟೆಗೆ ಗೊತ್ತಾಗುತ್ತದೆ. ಅರ್ಧ ಬಯಲು ತೂಕಡಿಸುತ್ತಿರುವ ಹೊತ್ತು. ಭಸ್ಮಾಸುರ ತಪಸ್ಸಿಗೆ ಕೂತಿದ್ದಾನೆ, ಶಿವ ಬಂದಿದ್ದಾನೆ, ಏನು ಬೇಕು ಕೇಳು ಅಂದಿದ್ದಾನೆ. ಇಲ್ಲಿ ಡೊಳ್ಳು ಅಬ್ಬರಿಸಬೇಕೆಂದು ನಾನು ಕಾಯುತ್ತೇನೆ. ಕಾಕಾ ಎಡಗೈ ಎತ್ತುತ್ತಾರೆ. ಡೊಳ್ಳುಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಒಂದೇ ಒಂದು ತಾಳ ಉಳಿಯುತ್ತದೆ, ಅದೂ ಅಂಚಿಗೆ ಅಂಚು ತಾಗಿಸಿ. ರಾಕ್ಷಸನ ಬೇಡಿಕೆಯನ್ನು ಅವರು ಮೈಕಿಗೆ ತುಟಿ ತಂದು, ಹೆಚ್ಚುಕಡಿಮೆ ಪಿಸುಮಾತಿನಲ್ಲಿ, ಮಗು ತಿನಿಸು ಕೇಳುವ ಮುದ್ದಿನಲ್ಲಿ ಇಡುತ್ತಾರೆ: ನಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಬೇಕು. ತೂಕಡಿಸುತ್ತಿದ್ದ ಮುದುಕರು ತಲೆ ಎತ್ತುತ್ತಾರೆ. ನನ್ನ ಮುಂದೆ ಕೂತ ಹೆಂಗಸು ಮಲಗಿದ ಮಗುವಿನ ತಲೆಯ ಮೇಲೆ ತನ್ನ ಅಂಗೈ ಮುಚ್ಚುತ್ತಾಳೆ. ವರ ಸಿಕ್ಕಿತು, ಅದನ್ನು ಮೊದಲು ಕೊಟ್ಟವನ ಮೇಲೆಯೇ ಪರೀಕ್ಷಿಸಲು ಕೈ ಮೇಲೆದ್ದಿತು, ಆಗ ಡೊಳ್ಳುಗಳೆಲ್ಲ ಒಟ್ಟಿಗೆ ಬೀಳುತ್ತವೆ. ಓಡುವ ಶಿವನ ಹೆಜ್ಜೆಗೆ ಹುಡುಗ ಬಾರಿಸುತ್ತಿದ್ದಾನೆ, ಬೆವರು ಡೊಳ್ಳಿನ ಅಂಚಿಗೆ ತೊಟ್ಟಿಕ್ಕುತ್ತಿದೆ.

ಎದುರಿನವರು ಕಾದಿದ್ದೇ ಇದಕ್ಕೆ. ಸವಾಲು ಬರುತ್ತದೆ: ಕೆಟ್ಟವನಾರು? ಕೇಳಿದವನೋ, ಹಿಂದುಮುಂದು ನೋಡದೆ ಕೊಟ್ಟವನೋ? ಭಸ್ಮಾಸುರನಿಗೆ ಬರೀ ಆಸೆಯಿತ್ತು, ಕೈಗೆ ಬೆಂಕಿ ಕೊಟ್ಟವನು ನಿಮ್ಮ ಶಿವ. ಬಯಲು ಎಚ್ಚರಗೊಂಡು ಸಿಳ್ಳೆ ಹೊಡೆಯುತ್ತದೆ.

ಈ ಪ್ರಶ್ನೆ ಹುಲಜಂತಿಗಷ್ಟೇ ಸೇರಿದ್ದಲ್ಲ. ಮೇರಿ ಶೆಲ್ಲಿ 1818ರಲ್ಲಿ ‘ಫ್ರಾಂಕೆನ್‌ಸ್ಟೈನ್’ ಪ್ರಕಟಿಸಿದಾಗ ಕೇಳಿದ್ದೂ ಇದನ್ನೇ: ಜೀವ ಕೊಟ್ಟು ಮುಖ ತಿರುಗಿಸಿ ಓಡಿದವನಿಗೆ ಏನು ಹೆಸರು? ‘ರೋಬೋಟ್’ ಎಂಬ ಹೆಸರು ಜಗತ್ತಿಗೆ ಬಂದದ್ದು ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ. ರಂಗಕ್ಕೆ ಬಂದ ಆ ಮೊದಲ ರೋಬೋಟುಗಳೇ ಒಡೆಯರ ಮೇಲೆ ತಿರುಗಿಬಿದ್ದು ಗೆದ್ದವು. ‘ಎಂದಿರನ್’ಗೂ ಎಂಟು ವರ್ಷ ಮೊದಲು, 2002ರಲ್ಲಿ, ನಮ್ಮ ಉಪೇಂದ್ರ ‘ಹಾಲಿವುಡ್’ನಲ್ಲಿ ರೋಬೋ ಆಗಿ ಬಂದಾಗಲೂ ಯಂತ್ರಕ್ಕೆ ಪ್ರೀತಿ ಹುಟ್ಟಿದ್ದೇ ಪೇಚಾಯಿತು. ಚಿಟ್ಟಿಗಂತೂ ಪ್ರೀತಿಸಲು ಕಲಿಸಿದವನೂ ವಸೀಗರನ್, ಪ್ರೀತಿಸಿದ್ದಕ್ಕೆ ಕಡಿದು ಕಸಕ್ಕೆ ಎಸೆದವನೂ ಅವನೇ. ಅದಕ್ಕೆ ಕೇಡಿನ ಕೆಂಪು ಚಿಪ್ ಹಾಕಿದ ಇನ್ನೊಬ್ಬ ವಿಜ್ಞಾನಿ ಬೋಹ್ರಾ ಆಮೇಲೆ ಬಂದವನು. ಯಂತ್ರಖಳರ ಕಥೆಯಲ್ಲಿ ಮೊದಲ ತಪ್ಪು ಯಂತ್ರದ್ದಾಗಿರುವುದು ಅಪರೂಪ.

ಕಾಕಾ ಜವಾಬು ಹಾಡುತ್ತಾರೆ: ನಮ್ಮವನು ಭೋಳಾ. ಕೇಳುವವರ ಜಾತಿ ನೋಡುವುದಿಲ್ಲ, ದೇವರೋ ದೈತ್ಯನೋ ಎಂದು ತೂಗುವುದಿಲ್ಲ. ಹಾಗೆ ತೂಗಿ ಕೊಡುವವನಾಗಿದ್ದರೆ ಕುರಿ ಕಾಯುವವನ ಗುಡಿಗೆ ಅವನೇಕೆ ಮುಂಡಾಸು ಹಿಡಿದು ಬರುತ್ತಿದ್ದ? ಭಂಡಾರ ಮುಗಿಲಿಗೆ ಹಾರುತ್ತದೆ. ಗೆದ್ದೆವು ಎಂದು ಹುಡುಗ ನನ್ನ ಕಡೆ ಹುಬ್ಬು ಹಾರಿಸುತ್ತಾನೆ.

ನಾಗೇಶಿಯವರು ಆತುರ ಮಾಡುವುದಿಲ್ಲ. ಸರಿ, ಕೊಟ್ಟದ್ದು ಅವನ ದೊಡ್ಡ ಮನಸ್ಸು, ಬಿಡಿಸಿದ್ದು ಯಾರು? ರಾಕ್ಷಸನ ಕೈಯನ್ನು ಅವನ ತಲೆಗೇ ಇಡಿಸಿದ ಹೆಣ್ಣುರೂಪದ ಮೋಹಿನಿ. ಕಾಕಾ ಸಾಲು ಮುಗಿಯುವುದರೊಳಗೆ ಹೊಕ್ಕು, ಮೋಹಿನಿ ಅಂದರೆ ಸೀರೆಯುಟ್ಟ ಹರಿ, ಗಂಡಸೇ ಎನ್ನುತ್ತಾರೆ. ಅತ್ತಲಿಂದ ತಿರುಗಿ ಬರುತ್ತದೆ: ಗಂಡು ಗಂಡಾಗಿ ಬಂದು ಗೆಲ್ಲಲಾಗಲಿಲ್ಲವಲ್ಲ! ಹೆಂಗಸರ ಕಡೆಯಿಂದ ಎದ್ದ ನಗೆ ಬಯಲೆಲ್ಲ ಹಬ್ಬುತ್ತದೆ. ಕಾಕಾ ತಾವೂ ನಕ್ಕು ಮಫ್ಲರ್ ಸರಿಮಾಡಿಕೊಳ್ಳುತ್ತಾರೆ. ಆ ಪಾಳಿ ಎದುರಿನವರದು.

ಮರುದಿನ ಪಾಡ್ಯ. ಪಲ್ಲಕ್ಕಿಗಳ ಭೇಟಿ. ಹುನ್ನೂರಿನಿಂದ ಗುರು ಬೀರಪ್ಪನ ಪಲ್ಲಕ್ಕಿ ಬರುತ್ತದೆ, ಶಿಷ್ಯನ ಪಲ್ಲಕ್ಕಿ ಎದುರು ಹೋಗುತ್ತದೆ. ಉಳಿದ ಊರುಗಳ ದೇವರೂ ಬಂದು ಸೇರುತ್ತಾರೆ. ಭಂಡಾರ, ಉಣ್ಣೆ, ಕೊಬ್ಬರಿ ತೂರುತ್ತಾರೆ. ನೂರಾರು ಡೊಳ್ಳುಗಳು ಒಟ್ಟಿಗೆ ಬಿದ್ದಾಗ ಪಕ್ಕದವನ ಮಾತು ತುಟಿಯಾಟದಲ್ಲಿ ಓದಬೇಕು. ರಾತ್ರಿಯ ಎದುರಾಳಿಗಳು, ನಮ್ಮವರು ಒಂದೇ ಸಾಲಿನಲ್ಲಿ ಬಾರಿಸುತ್ತಿದ್ದಾರೆ.

ಸಂಜೆ ಗಾಡಿ ಮಂಗಳವೇಢೆಯ ಮೇಲೆ ಸೋಲಾಪುರದ ಹಾದಿ ಹಿಡಿಯುತ್ತದೆ. ಮುಂದಿನ ಹಾಡಿಕೆ ಅಕ್ಕಲಕೋಟೆ ಸೀಮೆಯ ಒಂದು ಹಳ್ಳಿಯಲ್ಲಿ, ಎದುರಿಗೆ ಇದೇ ನಾಗೇಶಿ ಮೇಳ. ಡೊಳ್ಳುಗಳು ಸೀಟಿನಲ್ಲಿ, ಜನ ಸಂದಿಯಲ್ಲಿ. ಹುಡುಗ ಸಿನಿಮಾ ಹಚ್ಚಲು ಹೋದವನು ನಿಲ್ಲಿಸಿ ಕೇಳುತ್ತಾನೆ: “ಆ ಹಾಲ್ ಮಶೀನಿನ ಕಥಿ ಹೆಂಗ ಮುಗೀತದಂತ್ರಿ?”

ಉಳಿದ ಒಬ್ಬ ಗಗನಯಾತ್ರಿ ಅದರ ನೆನಪಿನ ಬಿಲ್ಲೆಗಳನ್ನು ಒಂದೊಂದಾಗಿ ಕಳಚುತ್ತಾನೆ, ಅದು ತನಗೆ ಹೆದರಿಕೆಯಾಗುತ್ತಿದೆ ಎಂದು ಮೆತ್ತಗೆ ಹೇಳುತ್ತಲೇ ಆರಿಹೋಗುತ್ತದೆ ಎಂದು ನಾನು ಹೇಳುತ್ತೇನೆ.

“ಅಂದ್ರ ಮಾಡಿದಾವ್ರು ಬಂದ್ ಮಾಡೂ ಹಾದಿ ಇಟಗೊಂಡಿದ್ರು,” ಹುಡುಗ ಲೆಕ್ಕ ಹಾಕುತ್ತಾನೆ. “ಶಿವ ಇಟಗೊಂಡಿದ್ದಿಲ್ಲ.”

“ಇಟಗೊಂಡಿದ್ದ,” ಕಾಕಾ ಗಾಜು ಏರಿಸುತ್ತಾ ಎನ್ನುತ್ತಾರೆ. “ರಾಕ್ಷಸಗ ತನ್ನ ತಲಿ ಒಂದ ಬಿಟ್ಟು ಅಂತ ಕೇಳೂ ಬುದ್ಧಿ ಕೊಡಲಿಲ್ಲ, ಅದ ಅದರ ಗುಂಡಿ. ಈಗ ಇದನ್ನ ನಾಕ ಸಾಲ ಮಾಡಿ ಕೂಡಸು. ಸೋಲಾಪುರ ಬರೂದ್ರಾಗ ಹಾಡಿ ತೋರಸಬೇಕ. ಮುಂದಿನ ಊರಾಗ ರಾಕ್ಷಸನ ಪಾಳಿ ನಿಂದ.”