ಇಳಕಲ್ಲಿನ ನೆತ್ತಿಯ ಮೇಲೆ

ಹೈದರಾಬಾದಿನಿಂದ ಹುಬ್ಬಳ್ಳಿಗೆ ನಕಾಶೆಯ ಮೇಲೆ ಒಂದು ದಾರ ಎಳೆದು ನೋಡಿ. ಹಟ್ಟಿಯ ಚಿನ್ನದ ಗಣಿ, ಲಿಂಗಸುಗೂರು ಹಾದು ಅದು ಹೆಚ್ಚುಕಡಿಮೆ ಇಳಕಲ್ಲಿನ ನೆತ್ತಿಯ ಮೇಲೆಯೇ ಬರುತ್ತದೆ. ಉದ್ದ ಸುಮಾರು 415 ಕಿ.ಮೀ. ಬೆಳಗಾವಿಗೆ ಎಳೆದರೆ ಇನ್ನೂ ಸೋಜಿಗ: ಸುಮಾರು 435 ಕಿ.ಮೀ.ನ ಆ ಗೆರೆ ಆಲಮಟ್ಟಿ ಅಣೆಕಟ್ಟನ್ನು ಮುಟ್ಟಿ, ಬಾಗಲಕೋಟೆಯನ್ನು ಸವರಿಕೊಂಡು ಹೋಗುತ್ತದೆ. ವಿಮಾನ ನಿಲ್ದಾಣವೇ ಇಲ್ಲದ ಬಾಗಲಕೋಟೆ ಜಿಲ್ಲೆಯ ಮೇಲೆ ಆಕಾಶದ ಎರಡು ದಾರಿ!

ನಾನು ಹತ್ತಿದ್ದು ಹುಬ್ಬಳ್ಳಿಗೆ ಹೋಗುವ ಎಟಿಆರ್. ರೆಕ್ಕೆ ನೆತ್ತಿಯ ಮೇಲಿರುವ, ಫ್ಯಾನಿನ ವಿಮಾನ. ದೊಡ್ಡ ಜೆಟ್ಟಿನವರು ಇದನ್ನು ಕಂಡು ಮೂಗು ಮುರಿಯಬಹುದು. ಆದರೆ ನೆಲ ನೋಡುವ ಚಪಲದವರಿಗೆ ಇದಕ್ಕಿಂತ ಒಳ್ಳೆಯ ಬಂಡಿ ಇಲ್ಲ. ಕಿಟಕಿಯ ಕೆಳಗೆ ರೆಕ್ಕೆಯ ಅಡ್ಡಿಯಿಲ್ಲ, ಜೆಟ್ಟಿನಷ್ಟು ಎತ್ತರಕ್ಕೂ ಏರುವುದಿಲ್ಲ. ಗಂಟೆಗೆ 500 ಕಿ.ಮೀ. ಓಟದ ಲೆಕ್ಕ ಹಿಡಿದರೆ ಐವತ್ತು ನಿಮಿಷದ ಹಾದಿ. ಏರುವುದು, ಇಳಿಯುವುದು, ನೆಲದ ಮೇಲೆ ತೆವಳುವುದು ಎಲ್ಲ ಸೇರಿ ಟಿಕೆಟಿನಲ್ಲಿ ಒಂದೂಕಾಲು ಗಂಟೆಯ ಆಸುಪಾಸು ಆಗುತ್ತದೆ.

ಲಿಂಗಸುಗೂರು ದಾಟುತ್ತಲೇ ಬಲಗಡೆ, ದೂರದಲ್ಲಿ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಬೆಳ್ಳಗೆ ಮಿಂಚಿತು. ಮಳೆಗಾಲ ಮುಗಿದ ಹೊಸತು, ಆಲಮಟ್ಟಿ ತುಂಬಿತ್ತು. ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿ ನವನಗರ ಕಟ್ಟಿಸಿದ ನೀರು ಇದೇ. ಇತ್ತ ಹುನಗುಂದದ ಎರೆಹೊಲಗಳು ಕಪ್ಪಗೆ, ಒಡ್ಡುಗಳಿಂದ ಗೆರೆ ಎಳೆದುಕೊಂಡು ಮಲಗಿದ್ದವು. ಕಪ್ಪು ಮುಗಿದು ಕೆಂಪು ಶುರುವಾದಲ್ಲಿ ಇಳಕಲ್. ಗ್ರಾನೈಟ್ ಕ್ವಾರಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದ್ದರು, ತಳದಲ್ಲಿ ಹಸಿರು ನೀರು. ಪಕ್ಕದಲ್ಲೇ ಹೊಸಪೇಟೆ ಕಡೆಗೆ ಹೋಗುವ ಹೆದ್ದಾರಿ, ಅದರ ಮೇಲೆ ಸಾಲುಗಟ್ಟಿದ ಲಾರಿಗಳು.

ಪಕ್ಕದ ಸೀಟಿನ ಅಜ್ಜ ನನ್ನ ಮೇಲೆ ಬಾಗಿ ಗಾಜಿಗೆ ಹಣೆ ಹಚ್ಚಿದರು. “ನಮ್ಮೂರ ಐತ್ರಿ ಅದು. ಇಲ್ಲೇ ಇಳಸ್ರಿ ಅಂದ್ರ ಇಳಸ್ತಾರೇನ್ರಿ?”

ನಕ್ಕೆವು. ಆದರೆ ಮಾತಿನಲ್ಲಿ ಲೆಕ್ಕವಿತ್ತು. ಅಲ್ಲಿಂದ ಹುಬ್ಬಳ್ಳಿಗೆ ಆಕಾಶದಲ್ಲಿ ಸುಮಾರು 130 ಕಿ.ಮೀ., ಇಪ್ಪತ್ತು ನಿಮಿಷದ ಮಾತು. ಇಳಿದ ಮೇಲೆ ಅಜ್ಜ ಗದಗ, ಗಜೇಂದ್ರಗಡದ ಮೇಲೆ ಬಸ್ಸಿನಲ್ಲಿ 150 ಕಿ.ಮೀ.ನಷ್ಟು ಹಿಂದಕ್ಕೆ ಬರಬೇಕು. ಹೈದರಾಬಾದ್ ಬಿಟ್ಟು ಊರ ಮೇಲೆ ಹಾಯುವುದಕ್ಕೆ ಹಿಡಿದ ಹೊತ್ತಿನ ಮೂರು ಪಟ್ಟು, ಮರಳಿ ಊರು ಸೇರುವುದಕ್ಕೇ ಬೇಕು!

ಅಷ್ಟರಲ್ಲಿ ಬಾದಾಮಿಯ ಕೆಂಗಲ್ಲು ಗುಡ್ಡಗಳು ಬಂದವು. ಗುಹೆ, ಗುಡಿ ಯಾವುದೂ ಕಾಣಲಿಲ್ಲ. ಕಂಡದ್ದು ಚಾಲುಕ್ಯರು ಅಲ್ಲೇ ಯಾಕೆ ಕೂತರು ಎಂಬುದು. ಬಯಲ ನಡುವೆ ಕಡಿದಾದ ಬಂಡೆಯ ಗೋಡೆ, ಅದರ ಬೆನ್ನಿಗೆ ಮಲಪ್ರಭೆ. 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ ಜಾಗ. ಮೇಲಿನಿಂದ ನೋಡದೆಯೇ ಅದನ್ನು ಆರಿಸಿದ್ದನಲ್ಲ! ಪಟ್ಟದಕಲ್ಲಿನ ಬಳಿ ಉತ್ತರಕ್ಕೆ ಹೊರಳುವ ಹೊಳೆಯನ್ನು ಹುಡುಕುವಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳಿ ಎಂದರು.

ಹೈದರಾಬಾದಿನಿಂದ ಬರುವವರು ಬಲಗಡೆಯ ಕಿಟಕಿ ಕೇಳಿ ಪಡೆಯಿರಿ, ಹುಬ್ಬಳ್ಳಿಯಿಂದ ಹೋಗುವವರು ಎಡಗಡೆಯದು. ಎಂಜಿನ್ ಅಡ್ಡ ಬರುವ ನಡುವಿನ ಸಾಲು ಮಾತ್ರ ಬೇಡ.