ಮಗನ ತುತ್ತೂರಿ

ನಮ್ಮ ಮನೆ ಹುಬ್ಬಳ್ಳಿಯ ಕಮರಿಪೇಟೆಯಲ್ಲಿ. ಹೋಳಿ ಬಂತೆಂದರೆ ಹಲಗಿ, ಮದುವೆಯ ಸೀಜನ್ ಬಂತೆಂದರೆ ಬ್ಯಾಂಡು. ಸದ್ದು ನಮ್ಮ ಓಣಿಗೆ ಹೊಸದಲ್ಲ. ಹಾಗಾಗಿ ಎಂಟನೆಯ ತರಗತಿಯ ನನ್ನ ಮಗ ಶಾಲೆಯ ಬ್ಯಾಂಡ್ ಸೇರಿ, ಅಲ್ಲಿಯ ಹಳೆಯ ಟ್ರಂಪೆಟ್ ಹಿಡಿದು ಮನೆಗೆ ಬಂದಾಗ ಅಕ್ಕಪಕ್ಕದವರು ಯಾರೂ ತಕರಾರು ತೆಗೆಯಲಿಲ್ಲ. ತಕರಾರು ತೆಗೆದವಳು ನಾನೇ.

ಮದುವೆಗೆ ಮುಂಚೆ ನಾನು ಐದು ವರ್ಷ ಹಾರ್ಮೋನಿಯಂ ಕಲಿತವಳು. ಗಂಗೂಬಾಯಿ ಹಾನಗಲ್ ಅವರು ಬಾಳಿದ ಊರು ಇದು. ಹಾಡಲು ಬಾರದವರಿಗೂ ಇಲ್ಲಿ ಬೇಸೂರು ಕಿವಿಗೆ ಚುಚ್ಚುತ್ತದೆ. ಟ್ರಂಪೆಟ್ಟಿನ ಷಡ್ಜ ಹಾರ್ಮೋನಿಯಂನ ಕಪ್ಪು ಐದಕ್ಕೆ ಸರಿಯಾಗಿ ಕೂಡುತ್ತದೆ. ಅಲ್ಲಿಂದ ಹಿಡಿದು ಮಗ ರಾಷ್ಟ್ರಗೀತೆ ನುಡಿಸುತ್ತಿದ್ದ. ಅದರ ಎರಡನೆಯ ಸ್ವರವೇ ರಿಷಭ. ಆ ರಿಷಭ ಪ್ರತಿಸಲವೂ ಒಂದು ಎಳೆಯಷ್ಟು ಮೇಲೇರುತ್ತಿತ್ತು.

ಸೀರೆಗೆ ಫಾಲ್ ಹಚ್ಚುತ್ತ ಕುಳಿತಲ್ಲಿಂದಲೇ ನಾನು ಗದರಿಸುತ್ತಿದ್ದೆ. "ಕಿವಿ ಎಲ್ಲಿಟ್ಟಿಯೋ? ಎಷ್ಟ್ ಸಲ ಹೇಳೂದು?" ಅವನು ಮತ್ತೆ ಊದುತ್ತಿದ್ದ. ಮತ್ತೆ ಅದೇ. ಹೀಗೆ ಮೂರು ತಿಂಗಳು ನಡೆಯಿತು. ಒಂದು ಸಂಜೆ ಅವನು ಟ್ರಂಪೆಟ್ಟನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟು, "ನನಗ ಸುರ ಇಲ್ಲವ್ವಾ. ನಾಳೆಯಿಂದ ಡ್ರಮ್ ತಗೋತೀನಿ" ಎಂದ. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ನಮ್ಮ ಹಿಂದಿನ ಓಣಿಯಲ್ಲಿ ಮದುವೆ ಬ್ಯಾಂಡಿನಲ್ಲಿ ನಲವತ್ತು ವರ್ಷ ಟ್ರಂಪೆಟ್ ಊದಿದ ಕಾಕಾ ಒಬ್ಬರಿದ್ದಾರೆ. ಮರುದಿನ ಮಗನನ್ನೂ ಪೆಟ್ಟಿಗೆಯನ್ನೂ ಅವರ ಕಟ್ಟೆಗೆ ಒಯ್ದೆ. ಕಾಕಾ ಊದಲೇ ಇಲ್ಲ. ಮೂರನೆಯ ಗುಂಡಿಯ ಮುಂದೆ ಉಂಗುರವಿರುವ ಒಂದು ಬಾಗಿದ ಕೊಳವೆ ಇರುತ್ತದೆ. ಅದನ್ನು ಹಿಡಿದು ಜಗ್ಗಿದರು. ಅಲುಗಲಿಲ್ಲ.

"ತಂಗಿ, ಹುಡುಗನ ತಪ್ಪಲ್ಲ ಬೇ ಇದು. ಇದನ್ನ ಯಾರೋ ಬೆಸಿಗಿ ಹಚ್ಚಿ ಕುಂದರಿಸ್ಯಾರ."

ಆಮೇಲೆ ತಿಳಿಸಿ ಹೇಳಿದರು. ಟ್ರಂಪೆಟ್ಟೆಂದರೆ ಸುರುಳಿ ಸುತ್ತಿದ ಸುಮಾರು ನಾಲ್ಕೂವರೆ ಅಡಿಯ ಹಿತ್ತಾಳೆ ಕೊಳವೆ. ಒಂದೊಂದು ಗುಂಡಿ ಒತ್ತಿದಾಗ ಅದಕ್ಕೆ ಒಂದಿಷ್ಟು ಕೊಳವೆ ಸೇರಿ, ಉದ್ದ ಹೆಚ್ಚಿ, ಸ್ವರ ಇಳಿಯುತ್ತದೆ. ಆದರೆ ಒಂದು ಮತ್ತು ಮೂರನೆಯ ಗುಂಡಿಗಳನ್ನು ಕೂಡಿಸಿ ಒತ್ತಿದಾಗ ಆ ಉದ್ದ ತುಸು ಸಾಲದೆ ಸ್ವರ ಏರಿಬಿಡುತ್ತದೆ. ಕೆಳಗಿನ ರಿಷಭ ಬರುವುದು ಇದೇ ಎರಡು ಗುಂಡಿಗಳಿಂದ. ಅದಕ್ಕೇ ಎಡಗೈಯ ಉಂಗುರ ಬೆರಳಿನಿಂದ ಆ ಕೊಳವೆಯನ್ನು ಸ್ವಲ್ಪ ಹೊರಗೆ ತಳ್ಳಬೇಕು. ಬೆಸುಗೆ ಹಾಕಿದ ಕೊಳವೆ ತಳ್ಳುವುದು ಹೇಗೆ? ನನ್ನ ಮಗ ಮೂರು ತಿಂಗಳು ಬರೀ ತುಟಿಯ ಬಲದಿಂದ ಅದನ್ನು ಇಳಿಸಲು ಹೆಣಗಿದ್ದ.

ಆ ವರ್ಷ ಭಿಶಿಯಲ್ಲಿ ನನ್ನ ಪಾಳಿಗೆ 18,000 ರೂಪಾಯಿ ಬಂದಿತ್ತು. ಅದು ಪಿಕೋ ಮಿಷನ್ನಿಗೆಂದು ತೆಗೆದಿಟ್ಟ ಹಣ. ಎರಡು ರಾತ್ರಿ ಯೋಚಿಸಿ, ಟ್ರಂಪೆಟ್ಟೇ ಇರಲಿ ಎಂದುಕೊಂಡೆ.

ಅಂಗಡಿಯಲ್ಲಿ ಕೆಂಪು ಮಖಮಲ್ಲಿನ ಪೆಟ್ಟಿಗೆ, ಬಿಳಿ ಕೈಗವಸುಗಳ ಜೊತೆ ಫಳಫಳ ಹೊಳೆಯುವ ಹೊಸದೊಂದು 9,000ಕ್ಕೇ ಸಿಗುತ್ತಿತ್ತು. ಅರ್ಧ ಹಣ ಉಳಿಯುತ್ತದಲ್ಲ ಎಂದು ನನಗೆ ಆಸೆಯಾಯಿತು. ಕಾಕಾ ಗುಂಡಿ ಒತ್ತಿ ಬಿಟ್ಟರು. ಅದು ನಿದ್ದೆಗಣ್ಣಿನಲ್ಲಿ ಎದ್ದಂತೆ ಮೇಲೆ ಬಂತು. "ಡಬ್ಬಿ ನೋಡಿ ಪೇಢೆ ತಗೋತಿಯೇನು ತಂಗಿ?" ಎಂದರು. ದೇಶದ ಬ್ಯಾಂಡ್ ವಾದ್ಯಗಳ ತವರು ಮೀರತ್. ನಾದಿರ್ ಅಲಿ ಕಂಪನಿ ಅಲ್ಲಿ ಶುರುವಾದದ್ದು 1885ರಲ್ಲಿ. ಕಾಕಾ ಹೊಟ್ಟೆ ಹೊರೆದದ್ದೂ ಮೀರತ್ತಿನ ಟ್ರಂಪೆಟ್ಟಿನಿಂದಲೇ. "ಊರು, ಕಂಪನಿ ಆಮ್ಯಾಲ. ಕೈಯಾಗ ಬಂದ ಪೀಸ್ ಹೆಂಗೈತಿ ನೋಡು" ಎಂಬುದು ಅವರ ಲೆಕ್ಕ. ಹೊಸ ಯಮಹಾದ ಬೆಲೆ ಕೇಳಿ ನಾವು ಸುಮ್ಮನೆ ಹೊರಬಂದೆವು.

ಕೊನೆಗೆ ಸಿಕ್ಕಿದ್ದು ವರ್ಗವಾಗಿ ಹೊರಟಿದ್ದ ರೈಲ್ವೆ ನೌಕರರೊಬ್ಬರ ಬಳಿ, ಅವರು ಚರ್ಚಿನಲ್ಲಿ ನುಡಿಸುತ್ತಿದ್ದ ಹಳೆಯ ಯಮಹಾ. ಮೆರುಗು ಅಲ್ಲಲ್ಲಿ ಹೋಗಿತ್ತು, ಬಾಯಿಯ ಅಂಚಿನಲ್ಲಿ ಒಂದು ತಗ್ಗು. ನನಗೆ ಮನಸ್ಸಾಗಲಿಲ್ಲ. ಕಾಕಾ ಮಾತ್ರ ಗುಂಡಿ ಒತ್ತದೆ ಒಂದೊಂದೇ ಕೊಳವೆ ಎಳೆದರು. ಪ್ರತಿಯೊಂದೂ 'ಟಪ್' ಎಂದಿತು. ಗಾಳಿ ಎಲ್ಲೂ ಸೋರುತ್ತಿಲ್ಲ ಎಂದರ್ಥ. ಊದುವ ಕೊಳವೆಯ ಮೇಲೆ ನಸುಗೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯಲ್ಲಿನ ಸತು ಕರಗಿ ಹೋಗಿ ಒಳಗಿನಿಂದ ಸವೆದಿದೆ ಎಂದು ತಿಳಿಯಬೇಕಂತೆ. ಬೆಳಕಿಗೆ ಹಿಡಿದು ನೋಡಿದರು. ಇರಲಿಲ್ಲ. ಹೊರಗಿನ ತಗ್ಗಿಗೆ ಹೆದರಬೇಕಿಲ್ಲ, ಒಳಗಿನ ಸೋರಿಕೆಗೆ ಹೆದರಬೇಕು ಎಂದರು. 16,500ಕ್ಕೆ ಮಾತು ಮುಗಿಯಿತು.

ಅಂದು ರಾತ್ರಿ ಹಾರ್ಮೋನಿಯಂ ಮುಂದೆ ಕುಳಿತೆ. ಕಪ್ಪು ಐದರಿಂದ ರಿಷಭವೆಂದರೆ ಬಿಳಿ ಒಂದು. ನಾನು ಅದನ್ನು ಒತ್ತಿ ಹಿಡಿದೆ. ಮಗ ಊದಿದ, ಸ್ವರ ಮೊದಲು ಮೇಲಿತ್ತು. ಉಂಗುರ ಬೆರಳನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಎರಡು ಸದ್ದುಗಳು ಕೂಡಿ ಒಂದೇ ಆದವು. ಅವನು ಊದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಸುರ ಐತಪ್ಪಾ ನಿನಗ. ತಪ್ಪು ನಂದು" ಎಂದೆ.

"ಮತ್ತ ನಿನ್ನ ಮಿಷನ್ನು?"

"ಹಳೇದಕ್ಕ ಎಣ್ಣಿ ಹಾಕಿದ್ರ ಇನ್ನೊಂದ್ ವರ್ಷ ನಡೀತೈತಿ."

ಆಗಸ್ಟ್ 15ರಂದು ಶಾಲೆಯ ಮೈದಾನದಲ್ಲಿ ರಾಷ್ಟ್ರಗೀತೆ ಶುರುವಾದಾಗ ನಾನು ಎರಡನೆಯ ಸ್ವರಕ್ಕೆ ಉಸಿರು ಹಿಡಿದು ಕಾದಿದ್ದೆ. ಅದು ತನ್ನ ಜಾಗದಲ್ಲೇ ಬಂದು ಕುಳಿತಿತು.

ಈಗ ಪ್ರತಿ ಭಾನುವಾರ ಅವನು ಟ್ರಂಪೆಟ್ಟಿನ ವಾಲ್ವುಗಳಿಗೆ ಎಣ್ಣೆ ಬಿಡುತ್ತಾನೆ, ಹಾಗೆಯೇ ನನ್ನ ಮಿಷನ್ನಿಗೂ. ಮಿಷನ್ನಿನ ಎಣ್ಣೆ ವಾಲ್ವಿಗೆ ಬಿದ್ದರೆ ಅಂಟಿಕೊಳ್ಳುತ್ತದೆಂದು ಕಾಕಾ ಹೇಳಿದ್ದಾರೆ. ಅದಕ್ಕೇ ಎರಡೂ ಬಾಟಲಿಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ: 'ಅವ್ವಂದು', 'ನಂದು'.